ಉಬುಂಟು 22.04ರಲ್ಲಿ ವರ್ಚುವಲ್‌ಬಾಕ್ಸ್: ಓಡುತ್ತಿರುವ ಕರ್ನಲ್ 6.8, ಸಿಕ್ಕ ಹೆಡರ್ 5.15. ಹೊಂದಿಸುವುದು ಹೇಗೆ?

ತುಂಗಾತೀರ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ಕಚೇರಿಯ ಡೆಸ್ಕ್‌ಟಾಪ್ ಒಂದರಲ್ಲಿ ವರ್ಚುವಲ್‌ಬಾಕ್ಸ್ 7.0 (ಒಂದು ಕಂಪ್ಯೂಟರ್ ಒಳಗೆ ಇನ್ನೊಂದನ್ನು ಓಡಿಸುವ ತಂತ್ರಾಂಶ) ಹಾಕಬೇಕಿದೆ. ಹಳೆಯ 'ನುಡಿ' ತಂತ್ರಾಂಶದ ಕಡತಗಳನ್ನು ತೆರೆದು ಯೂನಿಕೋಡ್‌ಗೆ ಬದಲಿಸುವ ಕೆಲಸಕ್ಕೆ ವಿಂಡೋಸ್ 10 ಗೆಸ್ಟ್ (ಒಳಗೆ ಓಡುವ ವ್ಯವಸ್ಥೆ) ಬೇಕು. ಮಷಿನ್: ಇಂಟೆಲ್ ಐ5, 16 ಜಿಬಿ ರ್‍ಯಾಮ್, 120 ಜಿಬಿ ಎಸ್‌ಎಸ್‌ಡಿ, ಉಬುಂಟು 22.04.5. ಬಯಾಸ್‌ನಲ್ಲಿ ವಿಟಿ-ಎಕ್ಸ್ (ಗೆಸ್ಟ್ ಓಡಿಸಲು ನೆರವಾಗುವ ಇಂಟೆಲ್ ಪ್ರೊಸೆಸರ್ ಸೌಲಭ್ಯ) ಆನ್ ಇದೆ.

ಒರಾಕಲ್ ತಾಣದ .ಡೆಬ್ ಪ್ಯಾಕೇಜ್ ಹಾಕಿದ್ದಾಗಿದೆ. ಗೆಸ್ಟ್ ಶುರು ಮಾಡಿದರೆ 'ಕರ್ನಲ್ ಡ್ರೈವರ್ ನಾಟ್ ಇನ್‌ಸ್ಟಾಲ್ಡ್, ಆರ್‌ಸಿ=-1908' ಎಂದು ನಿಲ್ಲುತ್ತದೆ. 'ಸುಡೊ /ಎಸ್‌ಬಿನ್/ವಿಬಾಕ್ಸ್‌ಕಾನ್ಫಿಗ್' ಕೊಟ್ಟರೆ, ಈಗಿನ ಕರ್ನಲ್‌ಗೆ (ಆಪರೇಟಿಂಗ್ ಸಿಸ್ಟಮ್‌ನ ತಿರುಳು) ಹೊಂದುವ ಹೆಡರ್ (ಕರ್ನಲ್‌ಗೆ ಸೇರುವ ಡ್ರೈವರ್ ಮಾಡ್ಯೂಲ್ ಕಟ್ಟಲು ಬೇಕಾದ ಫೈಲ್‌ಗಳು) ಹಾಕಿ ಎಂದು ಹೇಳಿ ಎರಡು ಪ್ಯಾಕೇಜ್ ಹೆಸರು ತೋರಿಸುತ್ತದೆ: ಲಿನಕ್ಸ್-ಹೆಡರ್ಸ್-ಜೆನೆರಿಕ್, ಲಿನಕ್ಸ್-ಹೆಡರ್ಸ್-6.8.0-45-ಜೆನೆರಿಕ್. ಮೊದಲನೆಯದನ್ನು ಬಿಲ್ಡ್-ಎಸೆನ್ಶಿಯಲ್ ಜೊತೆಗೆ ಹಾಕಲಾಗಿದೆ. ಆದರೂ ಅದೇ ಸಂದೇಶ.

ಈಗಿನ ಸ್ಥಿತಿ ಹೀಗಿದೆ:

ಯುನೇಮ್ -ಆರ್ → 6.8.0-45-ಜೆನೆರಿಕ್
ಎಲ್‌ಎಸ್ /ಯುಎಸ್‌ಆರ್/ಎಸ್‌ಆರ್‌ಸಿ → ಲಿನಕ್ಸ್-ಹೆಡರ್ಸ್-5.15.0-122, ಲಿನಕ್ಸ್-ಹೆಡರ್ಸ್-5.15.0-122-ಜೆನೆರಿಕ್

ಎಸ್‌ಎಸ್‌ಡಿ ಚಿಕ್ಕದು ಎಂದು ಈ ಮಷಿನ್‌ನಲ್ಲಿ ಹಿಂದೆ ಎಲ್ಲ ಹೆಡರ್ ಪ್ಯಾಕೇಜ್‌ಗಳನ್ನೂ ತೆಗೆಯಲಾಗಿತ್ತು. ಎರಡು ವಿಷಯ ತಿಳಿಯಬೇಕು. 6.8 ಓಡುತ್ತಿದ್ದರೂ 5.15ರ ಹೆಡರ್ ಬಂದದ್ದು ಯಾಕೆ? ಮುಂದೆ ಪ್ರತಿ ಸಲ ಕರ್ನಲ್ ಅಪ್‌ಡೇಟ್ ಆದಾಗಲೂ ಕೈಯಾರೆ ಹೆಡರ್ ಹುಡುಕಿ ಹಾಕುತ್ತಿರಬೇಕೇ?

ಬಯಲುಸೀಮೆ

ತುಂಗಾತೀರ ಅವರೇ, ಕಾರಣ ನಿಮ್ಮ ಪೋಸ್ಟ್‌ನಲ್ಲೇ ಇದೆ. 22.04ರಲ್ಲಿ ಎರಡು ಕರ್ನಲ್ ಸಾಲುಗಳಿವೆ. ಒಂದು 2022ರ ಏಪ್ರಿಲ್‌ನಲ್ಲಿ ಬಿಡುಗಡೆಯಾದಾಗಿನ 5.15, ಕೊನೆಯವರೆಗೂ ಅದೇ ಇರುತ್ತದೆ, ಭದ್ರತಾ ತಿದ್ದುಪಡಿ ಮಾತ್ರ ಬರುತ್ತದೆ. ಇನ್ನೊಂದು ಎಚ್‌ಡಬ್ಲ್ಯೂಇ (ಹಾರ್ಡ್‌ವೇರ್ ಎನೇಬಲ್‌ಮೆಂಟ್) ಸಾಲು, ಹೊಸ ಹಾರ್ಡ್‌ವೇರ್‌ಗಾಗಿ ಕಾಲಕಾಲಕ್ಕೆ ಮೇಲೇರುವಂಥದ್ದು. 22.04.4ರಲ್ಲಿ ಅದು 6.5 ಆಗಿತ್ತು, 22.04.5ರಲ್ಲಿ 6.8. ಡೆಸ್ಕ್‌ಟಾಪ್ ಐಎಸ್‌ಒದಿಂದ ಇನ್‌ಸ್ಟಾಲ್ ಮಾಡಿದರೆ ಬರುವುದು ಈ ಎರಡನೆಯ ಸಾಲು.

ಲಿನಕ್ಸ್-ಹೆಡರ್ಸ್-ಜೆನೆರಿಕ್ ಎಂಬುದು ಮೊದಲ ಸಾಲಿಗೆ ಸೇರಿದ ಮೆಟಾಪ್ಯಾಕೇಜ್. ಅದರೊಳಗೆ ಫೈಲ್ ಏನೂ ಇಲ್ಲ, '5.15ರ ಇತ್ತೀಚಿನ ಹೆಡರ್ ತಾ' ಎಂಬ ಅವಲಂಬನೆ ಮಾತ್ರ ಇದೆ. ನಿಮ್ಮಲ್ಲಿ ಯಾವ ಕರ್ನಲ್ ಓಡುತ್ತಿದೆ ಎಂದು ಅದು ನೋಡುವುದಿಲ್ಲ. ವಿಬಾಕ್ಸ್‌ಕಾನ್ಫಿಗ್ ತೋರಿಸಿದ ಎರಡು ಹೆಸರುಗಳಲ್ಲಿ ನಿಮಗೆ ಉಪಯೋಗಕ್ಕೆ ಬರುವುದು ಎರಡನೆಯದು. ಸದ್ಯಕ್ಕೆ ಇಷ್ಟು ಸಾಕು:

ಸುಡೊ ಆಪ್ಟ್ ಅಪ್‌ಡೇಟ್
ಸುಡೊ ಆಪ್ಟ್ ಇನ್‌ಸ್ಟಾಲ್ ಲಿನಕ್ಸ್-ಹೆಡರ್ಸ್-$(ಯುನೇಮ್ -ಆರ್)

ಮುಗಿದ ಮೇಲೆ /ಲಿಬ್/ಮಾಡ್ಯೂಲ್ಸ್/6.8.0-45-ಜೆನೆರಿಕ್/ ಒಳಗೆ 'ಬಿಲ್ಡ್' ಹೆಸರಿನ ಲಿಂಕ್ ಇದೆಯೇ, ಅದು /ಯುಎಸ್‌ಆರ್/ಎಸ್‌ಆರ್‌ಸಿ/ಲಿನಕ್ಸ್-ಹೆಡರ್ಸ್-6.8.0-45-ಜೆನೆರಿಕ್ ಕಡೆಗೆ ಹೋಗುತ್ತಿದೆಯೇ, ಹೋದ ಜಾಗದಲ್ಲಿ ಆ ಫೋಲ್ಡರ್ ನಿಜಕ್ಕೂ ಇದೆಯೇ ಎಂದು ನೋಡಿ. ಮಾಡ್ಯೂಲ್ ಕಟ್ಟುವ ಎಲ್ಲ ಸ್ಕ್ರಿಪ್ಟ್‌ಗಳೂ ಹೆಡರ್ ಹುಡುಕುವುದು ಈ ಒಂದು ಲಿಂಕ್ ಮೂಲಕ. ಅದು ಸರಿ ಇಲ್ಲದಿದ್ದರೆ /ಯುಎಸ್‌ಆರ್/ಎಸ್‌ಆರ್‌ಸಿಯಲ್ಲಿ ಏನಿದ್ದರೂ ಪ್ರಯೋಜನವಿಲ್ಲ. ಆಮೇಲೆ ವಿಬಾಕ್ಸ್‌ಕಾನ್ಫಿಗ್ ಮತ್ತೆ ಓಡಿಸಿ, /ವಾರ್/ಲಾಗ್/ವಿಬಾಕ್ಸ್-ಸೆಟಪ್.ಲಾಗ್‌ನ ಕೊನೆಯ ಸಾಲುಗಳನ್ನು ಇಲ್ಲಿ ಹಾಕಿ.

ಶರಾವತಿ_ಕೊಳ್ಳ

ಬಯಲುಸೀಮೆ ಅವರು ಹೇಳಿದ್ದರಿಂದ ಇವತ್ತಿನ ತೊಂದರೆ ನೀಗುತ್ತದೆ. ನಿಮ್ಮ ಎರಡನೆಯ ಪ್ರಶ್ನೆಗೆ ಉತ್ತರ ಬೇರೆ ಕಡೆ ಇದೆ, ಮತ್ತು ಅದು ವರ್ಚುವಲ್‌ಬಾಕ್ಸ್‌ಗಿಂತ ದೊಡ್ಡ ವಿಷಯ.

ಹೆಡರ್ ಪ್ಯಾಕೇಜ್‌ಗಳನ್ನೆಲ್ಲ ತೆಗೆದಾಗ ಲಿನಕ್ಸ್-ಜೆನೆರಿಕ್-ಎಚ್‌ಡಬ್ಲ್ಯೂಇ-22.04 ಎಂಬ ಮೆಟಾಪ್ಯಾಕೇಜ್ ಕೂಡ ಹೋಗಿರುತ್ತದೆ, ಏಕೆಂದರೆ ಅದು ಕರ್ನಲ್ ಇಮೇಜ್ ಮತ್ತು ಹೆಡರ್ ಎರಡನ್ನೂ ಅವಲಂಬಿಸಿದೆ. ಅದು ಹೋದರೆ ಲಿನಕ್ಸ್-ಇಮೇಜ್-ಜೆನೆರಿಕ್-ಎಚ್‌ಡಬ್ಲ್ಯೂಇ-22.04 ಯಾರಿಗೂ ಬೇಡದ್ದೆಂದು ಎಣಿಕೆಯಾಗುತ್ತದೆ. ಮುಂದೊಂದು ದಿನ 'ಆಪ್ಟ್ ಆಟೋರಿಮೂವ್' ಅದನ್ನೂ ಕಿತ್ತುಹಾಕುತ್ತದೆ. ಅಲ್ಲಿಂದಾಚೆ ಆ ಮಷಿನ್‌ಗೆ ಹೊಸ ಕರ್ನಲ್ ಬರುವುದೇ ಇಲ್ಲ. ದಿನಾ ಅಪ್‌ಡೇಟ್ ಮಾಡಿದರೂ ಕರ್ನಲ್‌ನ ಭದ್ರತಾ ತಿದ್ದುಪಡಿ ತಲುಪುವುದಿಲ್ಲ, ಎಚ್ಚರಿಕೆ ಸಂದೇಶವೂ ಕಾಣುವುದಿಲ್ಲ. ಕಚೇರಿಯ ಮಷಿನ್ ಆದ್ದರಿಂದ ಇದನ್ನು ಮೊದಲು ನೋಡಿ:

ಡಿಪಿಕೆಜಿ -ಎಲ್ 'ಲಿನಕ್ಸ್-*ಜೆನೆರಿಕ್*22.04'

ಪಟ್ಟಿಯಲ್ಲಿ ಮೂರೂ ಹೆಸರುಗಳ ಮುಂದೆ (ಇಡೀ ಗುಂಪಿನದು, ಇಮೇಜ್‌ನದು, ಹೆಡರ್ಸ್‌ನದು) 'ಐಐ' (ಇನ್‌ಸ್ಟಾಲ್ ಆಗಿದೆ ಎಂಬ ಗುರುತು) ಇರಬೇಕು. ಇಲ್ಲದಿದ್ದರೆ ಗುಂಪಿನದನ್ನೇ ಹಾಕಿಬಿಡಿ:

ಸುಡೊ ಆಪ್ಟ್ ಇನ್‌ಸ್ಟಾಲ್ ಲಿನಕ್ಸ್-ಜೆನೆರಿಕ್-ಎಚ್‌ಡಬ್ಲ್ಯೂಇ-22.04

ಇನ್ನು ಮುಂದೆ ಕರ್ನಲ್ ಬಂದಾಗಲೆಲ್ಲ ಅದೇ ಸಂಖ್ಯೆಯ ಹೆಡರ್ ಜೊತೆಯಲ್ಲೇ ಇಳಿಯುತ್ತದೆ. ಕೈಯಾರೆ ಹುಡುಕುವ ಕೆಲಸ ಇರುವುದಿಲ್ಲ. 5.15ರ ಸಾಲಿನದು ನಿಮಗೆ ಬೇಡ. 'ಸುಡೊ ಆಪ್ಟ್ ಪರ್ಜ್ ಲಿನಕ್ಸ್-ಹೆಡರ್ಸ್-ಜೆನೆರಿಕ್' ಕೊಟ್ಟು ಆಮೇಲೆ ಆಟೋರಿಮೂವ್ ಮಾಡಿ. ಒಂದು ಆವೃತ್ತಿಯ ಹೆಡರ್ ಸುಮಾರು 100 ಎಂಬಿ ಜಾಗ ತಿನ್ನುತ್ತದೆ. ಈಗಿನದು ಮತ್ತು ಅದರ ಹಿಂದಿನದು ಎರಡಿದ್ದರೂ 120 ಜಿಬಿ ಡಿಸ್ಕ್‌ಗೆ ಹೊರೆಯಲ್ಲ. ಜಾಗ ಉಳಿಸಬೇಕಿದ್ದರೆ ಹಳೆಯ ಸ್ನ್ಯಾಪ್ ಆವೃತ್ತಿಗಳನ್ನೂ ಜರ್ನಲ್ ಲಾಗ್‌ಗಳನ್ನೂ ನೋಡಿ, ಹೆಡರ್‌ಗೆ ಕೈ ಹಾಕಬೇಡಿ.

ಇಲ್ಲಿ ಒಂದು ಎಚ್ಚರಿಕೆ ಬೇಕು. ಈ ಮೆಟಾಪ್ಯಾಕೇಜ್ ಇವತ್ತಿನ ಹೊಸ ಕರ್ನಲ್ಲನ್ನು, ಉದಾಹರಣೆಗೆ 6.8.0-47ನ್ನು, ತರುತ್ತದೆ. ರೀಬೂಟ್ ಆಗುವವರೆಗೆ ಓಡುತ್ತಿರುವುದು 45ನೇ ಆವೃತ್ತಿ, ಹೊಸ ಹೆಡರ್ 47ನೆಯದು. ಆ ನಡುವೆ ವಿಬಾಕ್ಸ್‌ಕಾನ್ಫಿಗ್ ಓಡಿಸಿದರೆ ಮತ್ತೆ ಅದೇ ದೂರು ಬರುತ್ತದೆ. ಕರ್ನಲ್ ಅಪ್‌ಡೇಟ್ ಆಗಿದ್ದರೆ ಮೊದಲು ರೀಬೂಟ್, ಆಮೇಲೆ ಯುನೇಮ್ -ಆರ್, ಆಮೇಲೆ ಉಳಿದದ್ದು. ಈ ಕ್ರಮ ತಪ್ಪಿದ್ದರಿಂದಲೇ ಬಹಳಷ್ಟು ಜನ 'ಹೆಡರ್ ಇದ್ದರೂ ಇಲ್ಲ ಅನ್ನುತ್ತಿದೆ' ಎಂದು ಬರೆಯುತ್ತಾರೆ.

ಅಕ್ಕಿಆಲೂರು_ಲಿನಕ್ಸ್

ಒಂದು ಸಣ್ಣ ಪ್ರಶ್ನೆ, ಎಳೆಗೆ ಸಂಬಂಧಪಟ್ಟದ್ದೇ. 6.8.0-45 ಮತ್ತು 6.8.0-47 ನಡುವೆ ಬದಲಾಗುವುದು ಬಹುತೇಕ ದೋಷ ತಿದ್ದುಪಡಿ ಮಾತ್ರ. ಹಾಗಿದ್ದರೂ ಕೊನೆಯ ಅಂಕಿಯವರೆಗೆ ಯಾಕೆ ಹೊಂದಬೇಕು? 47ರ ಹೆಡರ್‌ನಲ್ಲಿ ಕಟ್ಟಿದ್ದು 45ರಲ್ಲಿ ಓಡಬಾರದೇ?

ಬಯಲುಸೀಮೆ

ಓಡಬಹುದು, ಓಡದಿರಬಹುದು. ಆ ಖಾತರಿ ಇಲ್ಲದಿರುವುದರಿಂದಲೇ ಕರ್ನಲ್ ಅದನ್ನು ತಡೆಯುತ್ತದೆ. ಬಳಕೆದಾರರ ತಂತ್ರಾಂಶಕ್ಕೆ ಕಾಣುವ ಸಿಸ್ಟಮ್ ಕಾಲ್‌ಗಳನ್ನು ಲಿನಕ್ಸ್ ಮುರಿಯುವುದಿಲ್ಲ. ಕರ್ನಲ್ ಒಳಗಿನ ಫಂಕ್ಷನ್‌ಗಳಿಗೆ, ಸ್ಟ್ರಕ್ಚರ್‌ಗಳಿಗೆ ಅಂಥ ಭರವಸೆ ಎಂದೂ ಇರಲಿಲ್ಲ. ಒಂದು ಸ್ಟ್ರಕ್ಚರ್‌ನ ನಡುವೆ 8 ಬೈಟ್‌ನ ಹೊಸ ಸದಸ್ಯ ಸೇರಿತು ಎಂದುಕೊಳ್ಳಿ. ಅದರ ನಂತರದ ಎಲ್ಲ ಸದಸ್ಯರ ಜಾಗವೂ 8 ಬೈಟ್ ಸರಿಯುತ್ತದೆ. ಹಳೆಯ ಲೆಕ್ಕದಲ್ಲಿ ಕಟ್ಟಿದ ಮಾಡ್ಯೂಲ್ ತಪ್ಪು ಜಾಗದಲ್ಲಿ ಓದುತ್ತದೆ, ಇನ್ನೂ ಕೆಟ್ಟದೆಂದರೆ ಬರೆಯುತ್ತದೆ. ಅದು ರಿಂಗ್ 0ದಲ್ಲಿ, ಅಂದರೆ ಪ್ರೊಸೆಸರ್‌ನ ಅತಿ ಹೆಚ್ಚು ಅಧಿಕಾರದ ಮಟ್ಟದಲ್ಲಿ, ಓಡುವ ಕೋಡ್. ಇಡೀ ಮಷಿನ್ ನಿಲ್ಲಬಹುದು, ಫೈಲ್‌ಸಿಸ್ಟಮ್ ಹಾಳಾಗಬಹುದು.

ಇದನ್ನು ತಡೆಯಲು ಎರಡು ಬಾಗಿಲುಗಳಿವೆ. ಒಂದು ವರ್‌ಮ್ಯಾಜಿಕ್ ಎಂಬ ಸಾಲು. 'ಮಾಡ್‌ಇನ್ಫೋ ವಿಬಾಕ್ಸ್‌ಡಿಆರ್‌ವಿ' (ವರ್ಚುವಲ್‌ಬಾಕ್ಸ್‌ನ ಮುಖ್ಯ ಮಾಡ್ಯೂಲ್‌ನ ಹೆಸರು ಇದು) ಕೊಟ್ಟರೆ ಆವೃತ್ತಿ, ಎಸ್‌ಎಂಪಿ, ಪ್ರಿಎಂಪ್ಟ್, ಮಾಡ್‌ವರ್ಷನ್ಸ್ ಇತ್ಯಾದಿ ಅದರಲ್ಲಿ ಕಾಣುತ್ತವೆ. ಎರಡನೆಯದು, ಪ್ರತಿಯೊಂದು ಸಿಂಬಲ್‌ಗೂ (ಮಾಡ್ಯೂಲ್ ಬಳಸಬಹುದಾದ ಕರ್ನಲ್ ಫಂಕ್ಷನ್ ಇತ್ಯಾದಿಯ ಹೆಸರು) ಅದರ ರೂಪದಿಂದ ಲೆಕ್ಕ ಹಾಕಿದ ಸಿಆರ್‌ಸಿ ಎಂಬ ತಾಳೆ ಸಂಖ್ಯೆ. ಹೆಡರ್ ಫೋಲ್ಡರ್‌ನಲ್ಲಿ 'ಮಾಡ್ಯೂಲ್.ಸಿಮ್‌ವರ್ಸ್' ಎಂಬ ಫೈಲ್ ಇದೆಯಲ್ಲ, ಆ ಸಂಖ್ಯೆಗಳ ಪಟ್ಟಿ ಅದೇ. ಹೊಂದದಿದ್ದರೆ ಮಾಡ್‌ಪ್ರೋಬ್ 'ಎಕ್ಸೆಕ್ ಫಾರ್ಮ್ಯಾಟ್ ಎರರ್' ಅನ್ನುತ್ತದೆ. ಡಿಎಂಇಎಸ್‌ಜಿಯಲ್ಲಿ 'ಡಿಸಗ್ರೀಸ್ ಅಬೌಟ್ ವರ್ಷನ್ ಆಫ್ ಸಿಂಬಲ್ ಮಾಡ್ಯೂಲ್_ಲೇಔಟ್' ಎಂಬ ಸಾಲು ಬೀಳುತ್ತದೆ. ಕೆಲವರು ಇಂಥ ಹೊತ್ತಿನಲ್ಲಿ 'ಮಾಡ್‌ಪ್ರೋಬ್ --ಫೋರ್ಸ್' ಸಲಹೆ ಕೊಡುತ್ತಾರೆ. ದಯವಿಟ್ಟು ಯಾರೂ ಮಾಡಬೇಡಿ. ಹಾಗೆಯೇ 5.15ರ ಹೆಡರ್ ಫೋಲ್ಡರ್‌ಗೆ 6.8ರ ಹೆಸರಿನಲ್ಲಿ ಲಿಂಕ್ ಹಾಕುವ ಉಪಾಯವೂ ಬೇಡ.

ಫ್ಲೇವರ್ (ಒಂದೇ ಆವೃತ್ತಿಯನ್ನು ಬೇರೆ ಬೇರೆ ಕಾನ್ಫಿಗ್‌ನಲ್ಲಿ ಕಟ್ಟಿದ ರೂಪ) ಕೂಡ ಹೊಂದಬೇಕು. ಲೋಲೇಟೆನ್ಸಿ ಕರ್ನಲ್ ಓಡುತ್ತಿದ್ದರೆ ಜೆನೆರಿಕ್ ಹೆಡರ್ ಆಗದು, ಸಂಖ್ಯೆ ಒಂದೇ ಇದ್ದರೂ ಅಷ್ಟೇ. ಎರಡರ ಕಾನ್ಫಿಗ್ ಬೇರೆ, ಅದರಿಂದ ಹುಟ್ಟುವ ಆಟೋಕಾನ್ಫ್.ಎಚ್ ಬೇರೆ.

ತುಂಗಾತೀರ

ಮೆಟಾಪ್ಯಾಕೇಜ್ ಹಾಕಿ ರೀಬೂಟ್ ಮಾಡಲಾಯಿತು. ಈಗ ಯುನೇಮ್ -ಆರ್ 6.8.0-47-ಜೆನೆರಿಕ್ ಅನ್ನುತ್ತದೆ, ಬಿಲ್ಡ್ ಲಿಂಕ್ ಸರಿಯಾದ ಕಡೆ ಹೋಗುತ್ತದೆ, ಡಿಪಿಕೆಜಿ ಪಟ್ಟಿಯಲ್ಲಿ ಮೂರೂ 'ಐಐ'. ಹೆಡರ್ ಇಲ್ಲ ಎಂಬ ದೂರು ಹೋಯಿತು. ಆದರೆ ವಿಬಾಕ್ಸ್‌ಕಾನ್ಫಿಗ್ ಇನ್ನೂ ವಿಫಲ. ಲಾಗ್‌ನಲ್ಲಿ ಕಂಡದ್ದು: ಕರ್ನಲ್ ಕಟ್ಟಿದ ಕಂಪೈಲರ್‌ಗೂ ಈಗಿನದಕ್ಕೂ ವ್ಯತ್ಯಾಸವಿದೆ ಎಂಬ ಎಚ್ಚರಿಕೆ, ಅದರ ಕೆಳಗೆ 'ಜಿಸಿಸಿ-12: ನಾಟ್ ಫೌಂಡ್'. 'ಜಿಸಿಸಿ --ವರ್ಷನ್' 11.4 ತೋರಿಸುತ್ತದೆ.

ಶರಾವತಿ_ಕೊಳ್ಳ

22.04ರ ಎಚ್‌ಡಬ್ಲ್ಯೂಇ ಸಾಲಿನಲ್ಲಿ ಇದು ಎಲ್ಲರಿಗೂ ಎದುರಾಗುವ ಎರಡನೆಯ ಮೆಟ್ಟಿಲು. ಬಿಲ್ಡ್-ಎಸೆನ್ಶಿಯಲ್ ತರುವುದು ಆ ಬಿಡುಗಡೆಯ ಮೂಲ ಕಂಪೈಲರ್ ಜಿಸಿಸಿ 11. 6.5ರಿಂದಾಚೆಗಿನ ಎಚ್‌ಡಬ್ಲ್ಯೂಇ ಕರ್ನಲ್‌ಗಳನ್ನು ಕಟ್ಟಿರುವುದು ಜಿಸಿಸಿ 12ರಲ್ಲಿ. 'ಕ್ಯಾಟ್ /ಪ್ರಾಕ್/ವರ್ಷನ್' ಕೊಟ್ಟರೆ ಕರ್ನಲ್ ತಾನೇ ಅದನ್ನು ಹೇಳುತ್ತದೆ. ಮದ್ದು ಸರಳ:

ಸುಡೊ ಆಪ್ಟ್ ಇನ್‌ಸ್ಟಾಲ್ ಜಿಸಿಸಿ-12
ಸುಡೊ /ಎಸ್‌ಬಿನ್/ವಿಬಾಕ್ಸ್‌ಕಾನ್ಫಿಗ್

ಇದೇ ತೊಂದರೆಯ ಇನ್ನೊಂದು ಮುಖವೂ ಇದೆ. 11ನೇ ಜಿಸಿಸಿಯಲ್ಲೇ ಕಟ್ಟಲು ಹೊರಟರೆ, '-ಎಫ್‌ಟ್ರಿವಿಯಲ್-ಆಟೋ-ವಾರ್-ಇನಿಟ್=ಝೀರೊ' ಎಂಬ ಆಯ್ಕೆ ಗೊತ್ತಿಲ್ಲ ಎಂದು ಕಂಪೈಲರ್ ನಿಲ್ಲುತ್ತದೆ. ಸ್ಟ್ಯಾಕ್‌ನಲ್ಲಿರುವ ವೇರಿಯಬಲ್‌ಗಳನ್ನು ಸೊನ್ನೆಯಿಂದ ತುಂಬಿಸುವ ಈ ರಕ್ಷಣೆ ಜಿಸಿಸಿಗೆ ಬಂದದ್ದು 12ನೇ ಆವೃತ್ತಿಯಲ್ಲಿ. ಕರ್ನಲ್‌ನ ಮೇಕ್‌ಫೈಲ್ ಅದನ್ನು ಮಾಡ್ಯೂಲ್‌ಗೂ ದಾಟಿಸುತ್ತದೆ. ಈ ಸಾಲು ಕಂಡವರು ಹೆಡರ್ ಮತ್ತೆ ಮತ್ತೆ ಹಾಕಿ ತೆಗೆದು ಮಾಡುವುದುಂಟು, ಹೆಡರ್‌ದೇನೂ ತಪ್ಪಿಲ್ಲ.

ಕೆಲವು ಕಡೆ /ಯುಎಸ್‌ಆರ್/ಬಿನ್/ಜಿಸಿಸಿ ಲಿಂಕನ್ನೇ 12ರ ಕಡೆ ತಿರುಗಿಸಿ ಎನ್ನುತ್ತಾರೆ. ಮುಂದಿನ ಪ್ಯಾಕೇಜ್ ಅಪ್‌ಡೇಟ್‌ನಲ್ಲಿ ಅದು ಮತ್ತೆ ಹಿಂದಿನ ಸ್ಥಿತಿಗೆ ಬರಬಹುದು, ಮಷಿನ್‌ನಲ್ಲಿ ಕಟ್ಟುವ ಬೇರೆ ತಂತ್ರಾಂಶದ ಮೇಲೂ ಪರಿಣಾಮ. ಜಿಸಿಸಿ-12 ಪಕ್ಕದಲ್ಲಿ ಇದ್ದರೆ ಸಾಕು.

ವಿಎಂವೇರ್ ವರ್ಕ್‌ಸ್ಟೇಷನ್ ಬಳಸುವವರಿಗೂ ಇಲ್ಲಿಯವರೆಗಿನದು ಹಾಗೆಯೇ ಅನ್ವಯಿಸುತ್ತದೆ. ಅಲ್ಲಿ ಮಾಡ್ಯೂಲ್‌ಗಳ ಹೆಸರು ವಿಎಂಮಾನ್ ಮತ್ತು ವಿಎಂನೆಟ್, ಕಟ್ಟುವ ಆಜ್ಞೆ 'ಸುಡೊ ವಿಎಂವೇರ್-ಮಾಡ್‌ಕಾನ್ಫಿಗ್ --ಕನ್ಸೋಲ್ --ಇನ್‌ಸ್ಟಾಲ್-ಆಲ್'. ಚಿತ್ರದ ಕಿಟಕಿಯಲ್ಲಿ ಹೆಡರ್ ದಾರಿ ಕೇಳಿದಾಗ ಕೈಯಾರೆ ತುಂಬಬೇಕಿಲ್ಲ. ಬಿಲ್ಡ್ ಲಿಂಕ್ ಸರಿಯಿದ್ದರೆ ಆ ಪ್ರಶ್ನೆಯೇ ಬರುವುದಿಲ್ಲ.

ತುಂಗಾತೀರ

ಜಿಸಿಸಿ-12 ಹಾಕಿದ ಮೇಲೆ ಮಾಡ್ಯೂಲ್ ಕಟ್ಟಿಕೊಂಡಿತು. /ಲಿಬ್/ಮಾಡ್ಯೂಲ್ಸ್/6.8.0-47-ಜೆನೆರಿಕ್/ಮಿಸ್ಕ್ ಒಳಗೆ ವಿಬಾಕ್ಸ್‌ಡಿಆರ್‌ವಿ, ವಿಬಾಕ್ಸ್‌ನೆಟ್‌ಎಫ್‌ಎಲ್‌ಟಿ, ವಿಬಾಕ್ಸ್‌ನೆಟ್‌ಎಡಿಪಿ ಮೂರೂ ಇವೆ. ವರ್‌ಮ್ಯಾಜಿಕ್ ಕೂಡ ಯುನೇಮ್‌ಗೆ ಹೊಂದುತ್ತದೆ. ಆದರೆ 'ಸುಡೊ ಮಾಡ್‌ಪ್ರೋಬ್ ವಿಬಾಕ್ಸ್‌ಡಿಆರ್‌ವಿ' ಕೊಟ್ಟರೆ 'ಕೀ ವಾಸ್ ರಿಜೆಕ್ಟೆಡ್ ಬೈ ಸರ್ವಿಸ್'.

ಬಯಲುಸೀಮೆ

ಹೆಡರ್ ಕೆಲಸ ಇಲ್ಲಿಗೆ ಮುಗಿಯಿತು. ಈಗಿನದು ಸೆಕ್ಯೂರ್ ಬೂಟ್. 'ಮೋಕ್‌ಯುಟಿಲ್ --ಎಸ್‌ಬಿ-ಸ್ಟೇಟ್' ಕೊಟ್ಟರೆ 'ಎನೇಬಲ್ಡ್' ಎಂದು ಬರುತ್ತದೆ, ನೋಡಿ. ಆ ಸ್ಥಿತಿಯಲ್ಲಿ ಉಬುಂಟು ಕರ್ನಲ್ ಸಹಿ ಇಲ್ಲದ ಮಾಡ್ಯೂಲನ್ನು ಒಳಗೆ ಬಿಡುವುದಿಲ್ಲ. ಫರ್ಮ್‌ವೇರ್ ಒಪ್ಪಿದ ಕೀಯ ಸಹಿ ಬೇಕು. ಬಯಾಸ್‌ನಲ್ಲಿ ಸೆಕ್ಯೂರ್ ಬೂಟ್ ಆಫ್ ಮಾಡಿದರೂ ಕೆಲಸ ನಡೆಯುತ್ತದೆ. ಕಚೇರಿಯ ಮಷಿನ್‌ನಲ್ಲಿ ಅದನ್ನು ಮಾಡಬೇಡಿ ಎನ್ನುವುದು ನನ್ನ ಸಲಹೆ. ಕೀ ಸೇರಿಸುವುದು ಐದು ನಿಮಿಷದ ಕೆಲಸ.

ಸುಡೊ ಅಪ್‌ಡೇಟ್-ಸೆಕ್ಯೂರ್‌ಬೂಟ್-ಪಾಲಿಸಿ --ನ್ಯೂ-ಕೀ
ಸುಡೊ ಮೋಕ್‌ಯುಟಿಲ್ --ಇಂಪೋರ್ಟ್ /ವಾರ್/ಲಿಬ್/ಶಿಮ್-ಸೈನ್ಡ್/ಮೋಕ್/ಎಂಒಕೆ.ಡಿಇಆರ್

ಎಂಒಕೆ ಎಂದರೆ ಮಷಿನ್‌ನ ಒಡೆಯರು ತಾವೇ ಸೇರಿಸುವ ಕೀ. ಎಂಒಕೆ.ಡಿಇಆರ್ ಈಗಾಗಲೇ ಆ ಫೋಲ್ಡರ್‌ನಲ್ಲಿದ್ದರೆ ಮೊದಲ ಸಾಲು ಬೇಡ. ಎರಡನೆಯದು ಪಾಸ್‌ವರ್ಡ್ ಕೇಳುತ್ತದೆ. ಅದು ಒಂದೇ ಸಲ ಬಳಸುವಂಥದ್ದು. ಇಂಗ್ಲಿಷ್ ಅಕ್ಷರ ಮತ್ತು ಅಂಕಿ ಮಾತ್ರ ಇಡಿ, 8 ಅಕ್ಷರ ಸಾಕು. ರೀಬೂಟ್ ಮಾಡಿದಾಗ ನೀಲಿ ಪರದೆ ಬರುತ್ತದೆ, 10 ಸೆಕೆಂಡ್‌ಗಳ ಒಳಗೆ ಯಾವುದಾದರೂ ಕೀ ಒತ್ತಬೇಕು. ಒತ್ತದಿದ್ದರೆ ಅದು ಸುಮ್ಮನೆ ಮುಂದೆ ಬೂಟ್ ಆಗುತ್ತದೆ, ಕೋರಿಕೆಯೂ ರದ್ದಾಗುತ್ತದೆ. ಇಂಪೋರ್ಟ್‌ನಿಂದ ಮತ್ತೆ ಶುರು ಮಾಡಬೇಕು. ಪರದೆಯಲ್ಲಿ 'ಎನ್‌ರೋಲ್ ಎಂಒಕೆ', 'ಕಂಟಿನ್ಯೂ', 'ಯೆಸ್' ಆರಿಸಿ, ಪಾಸ್‌ವರ್ಡ್ ಹೊಡೆದು 'ರೀಬೂಟ್' ಕೊಡಿ. ಮಷಿನ್ ದೂರದಲ್ಲಿದ್ದು ನೀವು ಎಸ್‌ಎಸ್‌ಎಚ್‌ನಲ್ಲಿ ಕೆಲಸ ಮಾಡುತ್ತಿದ್ದರೆ ಈ ಹೆಜ್ಜೆಗೆ ಯಾರಾದರೂ ಕೀಬೋರ್ಡ್ ಮುಂದೆ ಕೂತಿರಲೇಬೇಕು.

ಬೂಟ್ ಆದ ಮೇಲೆ ವಿಬಾಕ್ಸ್‌ಕಾನ್ಫಿಗ್ ಮತ್ತೊಮ್ಮೆ ಓಡಿಸಿ. 7.0ರ ಪ್ಯಾಕೇಜ್ ಉಬುಂಟುವಿನಲ್ಲಿ ಆ ಕೀ ಕಂಡರೆ ತಾನೇ ಸಹಿ ಹಾಕುತ್ತದೆ. ಮಾಡ್‌ಇನ್ಫೋದಲ್ಲಿ 'ಸೈನರ್' ಸಾಲು ಕಾಣಬೇಕು. ಕಾಣದಿದ್ದರೆ ಕೈಯಾರೆ ಹಾಕಬಹುದು. ಅದಕ್ಕೆ ಬೇಕಾದ ಸೈನ್-ಫೈಲ್ ಎಂಬ ಉಪಕರಣ ಹೆಡರ್ ಫೋಲ್ಡರ್‌ನ ಸ್ಕ್ರಿಪ್ಟ್ಸ್ ಒಳಗೇ ಇದೆ. ಅದಕ್ಕೆ ಕ್ರಮವಾಗಿ ಎಸ್‌ಎಚ್‌ಎ256, ಎಂಒಕೆ.ಪ್ರೈವ್, ಎಂಒಕೆ.ಡಿಇಆರ್, ಮಾಡ್ಯೂಲ್‌ನ ಪೂರ್ಣ ದಾರಿ ಕೊಡಬೇಕು, ಮೂರು ಮಾಡ್ಯೂಲ್‌ಗೂ ಒಂದೊಂದು ಸಲ.

ಕೊಡಚಾದ್ರಿ_ರೂಟ್

ಈ ಎಳೆಯನ್ನು ಬೇರೆ ಡಿಸ್ಟ್ರೋದವರೂ ಓದುತ್ತಾರೆ, ಆದ್ದರಿಂದ ಕೆಲವು ಮಾತು ಸೇರಿಸುತ್ತೇನೆ.

ಫೆಡೋರಾದಲ್ಲಿ ಬೇಕಾದದ್ದು ಕರ್ನಲ್-ಡೆವೆಲ್. ಕರ್ನಲ್-ಹೆಡರ್ಸ್ ಎಂಬ ಪ್ಯಾಕೇಜ್ ಕೂಡ ಇದೆ, ಆದರೆ ಅದು ಜಿಲಿಬ್‌ಸಿ ಮತ್ತು ಸಾಮಾನ್ಯ ಪ್ರೋಗ್ರಾಮ್‌ಗಳಿಗಾಗಿ; ಅದನ್ನು ಹಾಕಿದರೆ ಮಾಡ್ಯೂಲ್ ಕಟ್ಟಲಾಗದು. 'ಡಿಎನ್‌ಎಫ್ ಇನ್‌ಸ್ಟಾಲ್ ಕರ್ನಲ್-ಡೆವೆಲ್-$(ಯುನೇಮ್ -ಆರ್)' ಕೊಟ್ಟಾಗ 'ಸಿಗಲಿಲ್ಲ' ಎಂದರೆ ನಿಮ್ಮ ಕರ್ನಲ್ ಹಳತಾಗಿ ರೆಪೊದಿಂದ ಆ ಆವೃತ್ತಿ ಹೋಗಿದೆ ಎಂದರ್ಥ. ಹಳೆಯದನ್ನು ಅಲ್ಲಿಲ್ಲಿ ಹುಡುಕುವುದಕ್ಕಿಂತ ಪೂರ್ತಿ ಅಪ್‌ಗ್ರೇಡ್ ಮಾಡಿ ರೀಬೂಟ್ ಮಾಡುವುದು ಸರಿ. ಕರ್ನಲ್-ಡೆವೆಲ್-ಮ್ಯಾಚ್ಡ್ ಹಾಕಿಟ್ಟರೆ ಎರಡೂ ಒಂದೇ ಸಂಖ್ಯೆಯಲ್ಲಿ ಬರುತ್ತವೆ. ಡೆಬಿಯನ್‌ನಲ್ಲಿ ಲಿನಕ್ಸ್-ಹೆಡರ್ಸ್-ಎಎಂಡಿ64. ಆರ್ಚ್‌ನಲ್ಲಿ ಲಿನಕ್ಸ್ ಕರ್ನಲ್‌ಗೆ ಲಿನಕ್ಸ್-ಹೆಡರ್ಸ್, ಎಲ್‌ಟಿಎಸ್ ಕರ್ನಲ್‌ಗೆ ಲಿನಕ್ಸ್-ಎಲ್‌ಟಿಎಸ್-ಹೆಡರ್ಸ್. ಆರ್ಚ್‌ನಲ್ಲಿ ಅಪ್‌ಡೇಟ್ ಆದೊಡನೆ ಹಳೆಯ ಕರ್ನಲ್‌ನ ಮಾಡ್ಯೂಲ್ ಫೋಲ್ಡರ್ ಅಳಿದುಹೋಗುವುದರಿಂದ ರೀಬೂಟ್ ಮುಂದೂಡಲಾಗದು.

ಉಬುಂಟು ರೆಪೊದ ವರ್ಚುವಲ್‌ಬಾಕ್ಸ್-ಡಿಕೆಎಂಎಸ್ (ಕರ್ನಲ್ ಬದಲಾದಾಗ ಮಾಡ್ಯೂಲನ್ನು ತಾನೇ ಮತ್ತೆ ಕಟ್ಟುವ ವ್ಯವಸ್ಥೆ) ಪ್ಯಾಕೇಜನ್ನೂ ಒರಾಕಲ್‌ನ .ಡೆಬ್ಬನ್ನೂ ಒಟ್ಟಿಗೆ ಇಡಬೇಡಿ. ಮೊದಲನೆಯದು ಮಾಡ್ಯೂಲ್‌ಗಳನ್ನು ಅಪ್‌ಡೇಟ್ಸ್/ಡಿಕೆಎಂಎಸ್ ಫೋಲ್ಡರ್‌ನಲ್ಲಿ ಇಡುತ್ತದೆ, ಎರಡನೆಯದು ಮಿಸ್ಕ್‌ನಲ್ಲಿ. ಹೆಸರು ಒಂದೇ, ಆವೃತ್ತಿ ಬೇರೆ. ಯಾವುದು ಲೋಡ್ ಆಯಿತು ಎಂಬ ಗೊಂದಲದಿಂದ ಬರುವ ದೋಷಗಳು ಹೆಡರ್ ದೋಷದಂತೆಯೇ ಕಾಣುತ್ತವೆ. 'ಮಾಡ್‌ಇನ್ಫೋ -ಎನ್ ವಿಬಾಕ್ಸ್‌ಡಿಆರ್‌ವಿ' ದಾರಿ ತೋರಿಸುತ್ತದೆ.

ಮುಂದೆ ಕರ್ನಲ್ 6.12 ಅಥವಾ ಅದರಾಚೆಗೆ ಹೋಗುವವರು ಇನ್ನೊಂದನ್ನು ನೆನಪಿಡಿ. ಆ ಆವೃತ್ತಿಯಿಂದ ಕೆವಿಎಂ (ಲಿನಕ್ಸ್ ಕರ್ನಲ್‌ನದೇ ಆದ ಗೆಸ್ಟ್ ಓಡಿಸುವ ವ್ಯವಸ್ಥೆ) ಮಾಡ್ಯೂಲ್ ಲೋಡ್ ಆದ ಕೂಡಲೇ ವಿಟಿ-ಎಕ್ಸ್ ಅನ್ನು ತನ್ನ ವಶಕ್ಕೆ ತೆಗೆದುಕೊಳ್ಳುತ್ತದೆ; ಮೊದಲು ಕೆವಿಎಂ ಗೆಸ್ಟ್ ಶುರುವಾದಾಗ ಮಾತ್ರ ಹಾಗಾಗುತ್ತಿತ್ತು. ವರ್ಚುವಲ್‌ಬಾಕ್ಸ್ ಮಾಡ್ಯೂಲ್ ಸರಿಯಾಗಿ ಕಟ್ಟಿ ಲೋಡ್ ಆಗಿದ್ದರೂ ಗೆಸ್ಟ್ 'ವಿಇಆರ್‌ಆರ್_ವಿಎಂಎಕ್ಸ್_ಇನ್_ವಿಎಂಎಕ್ಸ್_ರೂಟ್_ಮೋಡ್' ಎಂದು ನಿಲ್ಲಬಹುದು. ತಾತ್ಕಾಲಿಕವಾಗಿ 'ಸುಡೊ ಮಾಡ್‌ಪ್ರೋಬ್ -ಆರ್ ಕೆವಿಎಂ_ಇಂಟೆಲ್'. ಶಾಶ್ವತವಾಗಿ ಗ್ರಬ್‌ನ (ಬೂಟ್ ಆಗುವಾಗ ಕರ್ನಲ್ ಆರಿಸುವ ತಂತ್ರಾಂಶ) ಕರ್ನಲ್ ಸಾಲಿಗೆ 'ಕೆವಿಎಂ.ಎನೇಬಲ್_ವಿರ್ಟ್_ಅಟ್_ಲೋಡ್=0' ಸೇರಿಸಿ ಅಪ್‌ಡೇಟ್-ಗ್ರಬ್ ಮಾಡಿ. ಎಎಂಡಿ ಮಷಿನ್‌ನಲ್ಲಿ ತೆಗೆಯಬೇಕಾದ್ದು ಕೆವಿಎಂ_ಎಎಂಡಿ.

ಗೆಸ್ಟ್ ಒಂದೇ, ಅದೂ ಕಡತ ಬದಲಿಸುವಷ್ಟೇ ಕೆಲಸ ಎಂದಾದರೆ ವಿರ್ಟ್-ಮ್ಯಾನೇಜರ್ ಜೊತೆ ಕೆವಿಎಂ ಕೂಡ ಪರಿಗಣಿಸಿ. ಕೆವಿಎಂ ಮಾಡ್ಯೂಲ್‌ಗಳು ಕರ್ನಲ್ ಪ್ಯಾಕೇಜ್ ಒಳಗೇ, ಸಹಿ ಸಮೇತ ಬರುತ್ತವೆ. ಹೆಡರ್, ಜಿಸಿಸಿ, ಎಂಒಕೆ ಯಾವುದೂ ಬೇಡ. ವಿಂಡೋಸ್ ಗೆಸ್ಟ್‌ನಲ್ಲಿ ಒಳ್ಳೆಯ ವೇಗ ಬೇಕಿದ್ದರೆ ವರ್ಟ್‌ಐಒ (ಡಿಸ್ಕ್, ನೆಟ್‌ವರ್ಕ್ ಇತ್ಯಾದಿಗೆ) ಡ್ರೈವರ್‌ಗಳನ್ನು ಬೇರೆಯಾಗಿ ಹಾಕಬೇಕು ಎಂಬುದಷ್ಟೇ ಹೆಚ್ಚಿನ ಕೆಲಸ.

ತುಂಗಾತೀರ

ಕೀ ಸೇರಿಸಿ, ವಿಬಾಕ್ಸ್‌ಕಾನ್ಫಿಗ್ ಓಡಿಸಿದ ಮೇಲೆ 'ಎಲ್‌ಎಸ್‌ಮಾಡ್' ಪಟ್ಟಿಯಲ್ಲಿ ವಿಬಾಕ್ಸ್‌ನ ಮೂರೂ ಮಾಡ್ಯೂಲ್ ಕಾಣುತ್ತಿವೆ, ಸೈನರ್ ಸಾಲೂ ಇದೆ, ವಿಂಡೋಸ್ ಗೆಸ್ಟ್ ಬೂಟ್ ಆಗುತ್ತಿದೆ. ಕೊನೆಯದೊಂದು: ಮುಂದಿನ ಕರ್ನಲ್ ಬಂದಾಗ ವಿಬಾಕ್ಸ್‌ಕಾನ್ಫಿಗ್ ಮತ್ತೆ ಓಡಿಸಬೇಕೇ?

ಶರಾವತಿ_ಕೊಳ್ಳ

ಸಾಮಾನ್ಯವಾಗಿ ಬೇಡ. ಹೊಸ ಕರ್ನಲ್‌ನಲ್ಲಿ ಮೊದಲ ಸಲ ಬೂಟ್ ಆದಾಗ ವಿಬಾಕ್ಸ್‌ಡಿಆರ್‌ವಿ ಸರ್ವಿಸ್ ಮಾಡ್ಯೂಲ್ ಇಲ್ಲವೆಂದು ಕಂಡು ತಾನೇ ಕಟ್ಟಲು ಹೋಗುತ್ತದೆ. ಹೆಡರ್, ಜಿಸಿಸಿ-12, ಕೀ ಮೂರೂ ಸ್ಥಳದಲ್ಲಿದ್ದರೆ ಯಶಸ್ವಿಯಾಗುತ್ತದೆ. ಆ ಒಂದು ಬೂಟ್ ಸ್ವಲ್ಪ ನಿಧಾನ ಅನಿಸಬಹುದು. ಆಗದಿದ್ದರೆ 'ಸಿಸ್ಟಮ್‌ಸಿಟಿಎಲ್ ಸ್ಟೇಟಸ್ ವಿಬಾಕ್ಸ್‌ಡಿಆರ್‌ವಿ' ನೋಡಿ, ಆಮೇಲೆ ವಿಬಾಕ್ಸ್-ಸೆಟಪ್.ಲಾಗ್.

ಎಚ್‌ಡಬ್ಲ್ಯೂಇ ಸಾಲು 6.5ರಿಂದ 6.8ಕ್ಕೆ ಹೋದಂತೆ ದೊಡ್ಡ ಜಿಗಿತ ಆದಾಗ, ಅಥವಾ ನೀವು 24.04ಕ್ಕೆ ಹೋದಾಗ, ಕರ್ನಲ್‌ಗಿಂತ ಮೊದಲು ವರ್ಚುವಲ್‌ಬಾಕ್ಸನ್ನು ಅದರ ಇತ್ತೀಚಿನ ಆವೃತ್ತಿಗೆ ಏರಿಸಿ. ಹೆಡರ್ ಹೊಂದಿದರೂ ಹಳೆಯ ವರ್ಚುವಲ್‌ಬಾಕ್ಸ್‌ನ ಮೂಲಕೋಡ್ ಹೊಸ ಕರ್ನಲ್‌ನ ಫಂಕ್ಷನ್‌ಗಳಿಗೆ ಹೊಂದದೆ ಕಂಪೈಲ್ ನಿಲ್ಲುತ್ತದೆ. ಆಗ ಲಾಗ್‌ನಲ್ಲಿ 'ಇಂಪ್ಲಿಸಿಟ್ ಡಿಕ್ಲರೇಷನ್ ಆಫ್ ಫಂಕ್ಷನ್' ಎಂಬಂಥ ಸಾಲು ಕಾಣುತ್ತದೆ. ಅದು ಕಂಡರೆ ಗ್ರಬ್‌ನ ಅಡ್ವಾನ್ಸ್ಡ್ ಆಯ್ಕೆಯಿಂದ ಹಿಂದಿನ ಕರ್ನಲ್‌ಗೆ ಬೂಟ್ ಮಾಡಿ ಕೆಲಸ ಮುಂದುವರಿಸಿ, ಹೊಸ ವರ್ಚುವಲ್‌ಬಾಕ್ಸ್ ಬಂದ ಮೇಲೆ ಮುಂದಿನ ಕರ್ನಲ್‌ಗೆ ಹೋಗಿ. ಹಿಂದಿನ ಒಂದು ಕರ್ನಲ್ಲನ್ನು ಅದರ ಹೆಡರ್ ಸಮೇತ ಉಳಿಸಿಕೊಳ್ಳಬೇಕಾದದ್ದು ಇದಕ್ಕೇ.